ಸ್ಟೋರ್ ರೂಮಿನ ಕೀ ಯಾರ ಹತ್ತಿರ?

(ನಮ್ಮೂರಿನ ಕ್ರೀಡಾ ಕ್ಲಬ್ಬಿನಲ್ಲಿ ಬೇಸಿಗೆ ಶಿಬಿರ ಶುರುವಾಗುವ ಹಿಂದಿನ ಭಾನುವಾರ ಪೋಷಕರು, ಕೋಚ್‌ಗಳು, ಕಮಿಟಿಯವರ ಮುಂದೆ ಮಕ್ಕಳ ಸುರಕ್ಷತೆಯ ಬಗ್ಗೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಕತ್ತರಿಸಿದ್ದೇನೆ, ಅವತ್ತು ಮರೆತದ್ದನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೈಕ್ ಗೊರಗೊರ ಅನ್ನುತ್ತಿದೆ, ಹಿಂದೆ ನಿಂತವರು ಮುಂದೆ ಬಂದು ಕೂತುಕೊಳ್ಳಿ.

ಮೊದಲು ಒಂದು ಪ್ರಶ್ನೆ. ನನ್ನ ಹಿಂದೆ ತಗಡಿನ ಶೀಟ್ ಹೊದಿಸಿದ ಕೋಣೆ ಕಾಣುತ್ತಿದೆ ಅಲ್ವಾ? ಅದು ನಮ್ಮ ಸ್ಟೋರ್ ರೂಮ್. ನೆಟ್ಟು, ಕೋನು, ಹಳೆ ಮ್ಯಾಟು, ಗಾಳಿ ಹೋದ ವಾಲಿಬಾಲು ಎಲ್ಲ ಅದರೊಳಗೇ. ಕಿಟಕಿ ಇಲ್ಲ. ಹೆಣ್ಣುಮಕ್ಕಳು ಬಟ್ಟೆ ಬದಲಿಸುವುದೂ ಅಲ್ಲೇ. ಅದರ ಕೀ ಯಾರ ಹತ್ತಿರ ಇದೆ?

ಯಾರೂ ಮಾತಾಡುತ್ತಿಲ್ಲ. ಹೋದ ವಾರ ಕಮಿಟಿ ಮೀಟಿಂಗಿನಲ್ಲೂ ಇದನ್ನೇ ಕೇಳಿದೆ. ಒಂದು ಕೀ ಕಾರ್ಯದರ್ಶಿಗಳ ಹತ್ತಿರ, ಒಂದು ಕೋಚ್ ಹತ್ತಿರ, ಒಂದು ವಾಚ್‌ಮನ್ ಹತ್ತಿರ. ಮೂರು ವರ್ಷದ ಹಿಂದೆ ಬಿಟ್ಟುಹೋದ ಕೋಚ್ ಒಬ್ಬರು ತಮ್ಮದನ್ನು ವಾಪಸ್ ಕೊಟ್ಟೇ ಇಲ್ಲ. ಐದನೆಯದು ಬಾಗಿಲ ಪಕ್ಕದ ಕಲ್ಲಿನ ಕೆಳಗೆ. "ಅದು ಎಲ್ರಿಗೂ ಗೊತ್ತು ಮೇಡಂ" ಅಂದರು. ಎಲ್ಲರಿಗೂ ಗೊತ್ತಿರುವುದೇ ನನ್ನ ಚಿಂತೆ.

ನಾನು ಮೂವತ್ತು ವರ್ಷ ಬ್ಯಾಂಕಿನಲ್ಲಿ ಇದ್ದವಳು. ಸ್ಟ್ರಾಂಗ್ ರೂಮ್ ತೆಗೆಯಲು ಎರಡು ಕೀ ಬೇಕು. ಒಂದು ಕ್ಯಾಷಿಯರ್ ಹತ್ತಿರ, ಇನ್ನೊಂದು ಅಧಿಕಾರಿಯ ಹತ್ತಿರ. ಇಬ್ಬರೂ ಬಂದು ನಿಂತರೆ ಮಾತ್ರ ಬಾಗಿಲು. ಅಷ್ಟು ವರ್ಷದಲ್ಲಿ ಯಾರೊಬ್ಬರೂ "ಏನು, ನನ್ನ ಮೇಲೆ ಅನುಮಾನನಾ?" ಅಂತ ಕೇಳಿದ್ದು ನನಗೆ ನೆನಪಿಲ್ಲ. ನೋಟಿನ ಕಟ್ಟಿಗೆ ಮಾಡಿದಷ್ಟು ಏರ್ಪಾಡು ಮಕ್ಕಳಿಗೆ ಬೇಡವಾ?

ನಮ್ಮ ಕೋಚ್ ಸರ್ ಮಾತ್ರ ಕೇಳಿದರು. ಇಲ್ಲೇ ಕೂತಿದ್ದಾರೆ, ನಗುತ್ತಿದ್ದಾರೆ. ಹೇಳಬಹುದಾ ಅಂತ ಮುಂಚೆಯೇ ಅವರನ್ನು ಕೇಳಿಕೊಂಡಿದ್ದೇನೆ. "ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಹೇಳಿಕೊಡ್ತಿದ್ದೀನಿ. ಈಗ ಪೊಲೀಸ್ ವೆರಿಫಿಕೇಶನ್ ಮಾಡಿಸಿ ಅಂದ್ರೆ ಹೇಗೆ ಮೇಡಂ?" ಅವರಿಗೆ ಬೇಜಾರಾಗಿದ್ದು ಸಹಜ. ಆದರೆ ಇದು ನಾನು ಮಾಡಿದ ನಿಯಮ ಅಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡಲು 2012ರಲ್ಲಿ ಪೋಕ್ಸೊ ಕಾಯ್ದೆ ಬಂತು. ಅದರ ಅಡಿಯ 2020ರ ನಿಯಮಗಳಲ್ಲಿ ಶಾಲೆ, ಶಿಶುವಿಹಾರದ ಪಕ್ಕದಲ್ಲೇ ಕ್ರೀಡಾ ಅಕಾಡೆಮಿ ಅಂತ ಹೆಸರು ಹಿಡಿದು ಬರೆದಿದ್ದಾರೆ. ಮಕ್ಕಳ ಜೊತೆ ದಿನಾ ಒಡನಾಡುವ ಸಂಸ್ಥೆ ಯಾವುದೇ ಇರಲಿ, ತನ್ನ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮಾಡಿಸಬೇಕು. ಒಂದು ಸಲ ಮಾಡಿ ಫೈಲಿಗೆ ಹಾಕುವುದಲ್ಲ, ಆಗಾಗ ಮಾಡಿಸಬೇಕು. ಕಾಯಂ ನೌಕರರಾಗಲಿ, ಗುತ್ತಿಗೆಯವರಾಗಲಿ, ಎಲ್ಲರಿಗೂ ಒಂದೇ. ಹಾಗಾಗಿ ಕೋಚ್ ಸರ್ ಒಬ್ಬರೇ ಅಲ್ಲ, ವಾಚ್‌ಮನ್ನೂ ವ್ಯಾನ್ ಡ್ರೈವರೂ ಬರುತ್ತಾರೆ.

ಆ ಕಾಗದ ಬಂದ ಮೇಲೆ ನಿಶ್ಚಿಂತೆಯಾಗಿ ಮಲಗಬಹುದು ಅಂತ ಮಾತ್ರ ಅಂದುಕೊಳ್ಳಬೇಡಿ. ಅದರಲ್ಲಿ ಸಿಕ್ಕಿಬಿದ್ದವರ ಹೆಸರು ಮಾತ್ರ ಇರುತ್ತದೆ.

ಈಗ ನನ್ನದೇ ಒಂದು ಕಥೆ ಹೇಳುತ್ತೇನೆ. ನಾನು ಶಾಲೆಯಲ್ಲಿದ್ದಾಗ ಖೋ ಖೋ ಆಡುತ್ತಿದ್ದೆ. ಒಂದು ಸಲ ಟೂರ್ನಮೆಂಟಿಗೆ ಅಂತ ಬೇರೆ ಜಿಲ್ಲೆಗೆ ಹೋಗಿದ್ದೆವು. ಹನ್ನೆರಡು ಹುಡುಗಿಯರು, ಜೊತೆಗೆ ಒಬ್ಬರು ಮ್ಯಾನೇಜರ್. ಒಂದು ಹಳೆ ಲಾಡ್ಜು. ರಾತ್ರಿ ಊಟ ಆದ ಮೇಲೆ ಮ್ಯಾನೇಜರ್ ತಮ್ಮ ರೂಮಿಗೆ ಒಬ್ಬೊಬ್ಬರನ್ನೇ ಕರೆದು ಡಿಎ ದುಡ್ಡು, ಅಂದರೆ ದಿನದ ಖರ್ಚಿನ ಭತ್ಯೆ, ಕೊಟ್ಟು ಸಹಿ ಹಾಕಿಸಿಕೊಳ್ಳುತ್ತಿದ್ದರು. ನನ್ನ ಪಕ್ಕ ಮಲಗುತ್ತಿದ್ದ ಹುಡುಗಿ ಎರಡನೇ ರಾತ್ರಿ ನನ್ನ ಕೈ ಹಿಡಿದು, "ನಾನೊಬ್ಳೇ ಹೋಗಲ್ಲ, ನೀನೂ ಬಾರೇ" ಅಂದಳು. ನನಗೆ ನಿದ್ದೆ. "ಐದು ನಿಮಿಷದ ಕೆಲಸ, ಹೋಗಿ ಬಾರೇ" ಅಂದೆ. ಹೋದಳು, ಬಂದಳು, ಗೋಡೆ ಕಡೆ ತಿರುಗಿ ಮಲಗಿದಳು. ಊರಿಗೆ ಬಂದು ಒಂದು ತಿಂಗಳಿಗೆ ಆಟ ಬಿಟ್ಟಳು. ನಮ್ಮ ತಂಡದಲ್ಲಿ ಕಂಬದ ಹತ್ತಿರ ಅವಳಷ್ಟು ಚೆನ್ನಾಗಿ ತಿರುಗುವವರು ಯಾರೂ ಇರಲಿಲ್ಲ. "ಮನೇಲಿ ಬೇಡ ಅಂದ್ರಂತೆ" ಅಂತ ಎಲ್ಲರೂ ಅಂದುಕೊಂಡೆವು.

ಏನಾಯಿತು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಏನೂ ಆಗದೆಯೂ ಇರಬಹುದು. ಆದರೆ ಅವಳು ನನಗೆ ಹೇಳಿದ್ದಳು. "ಒಬ್ಳೇ ಹೋಗಲ್ಲ" ಅಂದಿದ್ದಳು. ಹದಿಮೂರು ವರ್ಷದ ಹುಡುಗಿ ಅದಕ್ಕಿಂತ ಜಾಸ್ತಿ ಹೇಗೆ ಹೇಳಬೇಕು?

ನನ್ನ ಇವತ್ತಿನ ಮಾತೆಲ್ಲ ಇದರ ಸುತ್ತಲೇ. "ಮಗು ಒಂದು ಮಾತು ಹೇಳಬಾರದಿತ್ತಾ" ಅಂತ ನಾವು ಆಮೇಲೆ ಗೋಳಾಡುತ್ತೇವೆ. ಬಹಳ ಸಲ ಮಗು ಹೇಳಿರುತ್ತದೆ. ದೊಡ್ಡವರ ಕಿವಿಗೆ ಬಿದ್ದೂ ಇರುತ್ತದೆ.

ಹರಿಯಾಣದ ಪಂಚಕುಲದ ರುಚಿಕಾ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಹದಿನಾಲ್ಕು ವರ್ಷದ ಟೆನಿಸ್ ಹುಡುಗಿ. 1990ರ ಆಗಸ್ಟ್. ರಾಜ್ಯ ಟೆನಿಸ್ ಸಂಘದ ಅಧ್ಯಕ್ಷರು ಕರೆಸಿದರು ಅಂತ ಗೆಳತಿಯ ಜೊತೆ ಹೋದಳು. ಆ ಅಧ್ಯಕ್ಷರು ಪೊಲೀಸ್ ಇಲಾಖೆಯ ಐಜಿ, ಅಂದರೆ ಬಹಳ ದೊಡ್ಡ ಅಧಿಕಾರಿ ಕೂಡ. ಸಂಘದ ಆಫೀಸು ಇದ್ದದ್ದು ಅವರ ಮನೆಯ ಗ್ಯಾರೇಜಿನಲ್ಲೇ. ಅವರು ಗೆಳತಿಗೆ ಏನು ಹೇಳಿದರು ಗೊತ್ತಾ? ಹೋಗಿ ಕೋಚ್‌ನ ಕರೆದುಕೊಂಡು ಬಾ ಅಂದರು. ಇಬ್ಬರು ಇದ್ದಲ್ಲಿ ಒಬ್ಬಳು ಉಳಿದಳು. ಅಷ್ಟೇ ಬೇಕಾಗಿತ್ತು.

ಅವಳು ಸುಮ್ಮನಿರಲಿಲ್ಲ. ಗೆಳತಿಯೂ ಸುಮ್ಮನಿರಲಿಲ್ಲ. ಮನೆಯವರು ದೂರು ಕೊಟ್ಟರು. ಶಾಲೆ ಅವಳನ್ನೇ ಹೊರಗೆ ಹಾಕಿತು. ಅವಳ ಒಡಹುಟ್ಟಿದವನ ಮೇಲೆ ಕಾರು ಕಳ್ಳತನದ ಕೇಸುಗಳು ಬಿದ್ದವು. 1993ರ ಕೊನೆಯಲ್ಲಿ ಅವಳು ಪ್ರಾಣ ಬಿಟ್ಟಳು. ಕೋರ್ಟು ಆ ಅಧಿಕಾರಿಯನ್ನು ತಪ್ಪಿತಸ್ಥ ಅಂದಿದ್ದು 2009ರ ಡಿಸೆಂಬರಿನಲ್ಲಿ. ಆರು ತಿಂಗಳ ಶಿಕ್ಷೆ, ಸಾವಿರ ರೂಪಾಯಿ ದಂಡ. ಮುಂದೆ ಮೇಲಿನ ಕೋರ್ಟುಗಳಲ್ಲಿ ಶಿಕ್ಷೆ ಹೆಚ್ಚಾಯಿತು, ಕಡಿಮೆಯಾಯಿತು, ಅಪರಾಧಿ ಅನ್ನುವುದು ಮಾತ್ರ ಉಳಿಯಿತು. ಹತ್ತೊಂಬತ್ತು ವರ್ಷ ಸಾಕ್ಷಿ ಹೇಳುತ್ತಾ ನಿಂತವಳು ಅವತ್ತು ಕೋಚ್‌ನ ಕರೆಯಲು ಹೋಗಿದ್ದ ಅದೇ ಗೆಳತಿ.

ಇದು ನಮ್ಮ ದೇಶದ ಕಥೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡಕ್ಕೆ ಲ್ಯಾರಿ ನಾಸರ್ ಅಂತ ಒಬ್ಬ ವೈದ್ಯ ಇದ್ದ. ಚಿಕಿತ್ಸೆ ಅನ್ನುವ ನೆಪದಲ್ಲಿ ಹುಡುಗಿಯರ ಮೇಲೆ ದೌರ್ಜನ್ಯ ಮಾಡುತ್ತಿದ್ದ. ಕೆಲವು ಸಲ ತಾಯಿ ತಂದೆ ಅದೇ ಕೋಣೆಯಲ್ಲಿ ಕೂತಿರುತ್ತಿದ್ದರು. 2018ರಲ್ಲಿ ಅವನಿಗೆ 40ರಿಂದ 175 ವರ್ಷಗಳ ಶಿಕ್ಷೆಯಾಯಿತು. ಕೋರ್ಟಿನಲ್ಲಿ 150ಕ್ಕೂ ಹೆಚ್ಚು ಹೆಣ್ಣುಮಕ್ಕಳು ಎದ್ದು ನಿಂತು ಮಾತಾಡಿದರು. ಆದರೆ ಅಲ್ಲಿ ಒಬ್ಬ ಹುಡುಗಿ 1997ರಲ್ಲೇ ತನ್ನ ಕೋಚ್‌ಗೆ ಹೇಳಿದ್ದಳು. ಕೋಚ್ ನಂಬಲಿಲ್ಲ. ಅವನು ಸಿಕ್ಕಿಬಿದ್ದಿದ್ದು 2016ರಲ್ಲಿ. ಲೆಕ್ಕ ಹಾಕಿ ನೋಡಿ. ಅಲ್ಲೂ ಹತ್ತೊಂಬತ್ತು ವರ್ಷ.

ಗಂಡುಮಕ್ಕಳ ಅಪ್ಪ ಅಮ್ಮಂದಿರು ಈಗ ಸ್ವಲ್ಪ ಹಗುರಾಗಿ ಕೂತಿದ್ದೀರಿ, ನನಗೆ ಕಾಣುತ್ತಿದೆ. ಇಂಗ್ಲೆಂಡಿನಲ್ಲಿ 2016ರ ನವೆಂಬರಿನಲ್ಲಿ ಆಂಡಿ ವುಡ್‌ವರ್ಡ್ ಅನ್ನುವ ಮಾಜಿ ಫುಟ್‌ಬಾಲ್ ಆಟಗಾರ ತನ್ನ ಹೆಸರು ಹೇಳಿಕೊಂಡೇ ಪತ್ರಿಕೆಯ ಮುಂದೆ ಬಂದ. ಚಿಕ್ಕವನಿದ್ದಾಗ ಕೋಚ್ ಏನು ಮಾಡಿದ ಅಂತ ಹೇಳಿದ. ಅವನ ಹಿಂದೆ ನೂರಾರು ಗಂಡಸರು ಬಾಯಿ ಬಿಟ್ಟರು. ನಡುವಯಸ್ಸು ದಾಟಿದವರು, ಮಕ್ಕಳು ಮರಿ ಇರುವವರು. ಪೋಕ್ಸೊ ಕಾಯ್ದೆಯೂ ಹುಡುಗ ಹುಡುಗಿ ಅಂತ ಭೇದ ಮಾಡುವುದಿಲ್ಲ. ಹದಿನೆಂಟು ತುಂಬದ ಎಲ್ಲರೂ ಅದಕ್ಕೆ ಮಕ್ಕಳೇ. ಇಂಗ್ಲೆಂಡಿನಲ್ಲಿ ಈಗ ಮಕ್ಕಳ ತಂಡ ಇರುವ ಫುಟ್‌ಬಾಲ್ ಕ್ಲಬ್ಬಿನಲ್ಲಿ ಮಕ್ಕಳ ಕ್ಷೇಮ ನೋಡಿಕೊಳ್ಳಲೆಂದೇ ಒಬ್ಬರು ಇರಲೇಬೇಕು. ನಮ್ಮ ಕ್ಲಬ್ಬಿನಲ್ಲಿ ಆ ಕೆಲಸ ಸದ್ಯಕ್ಕೆ ನನ್ನ ತಲೆಗೆ ಬಂದಿದೆ. ರಿಟೈರ್ ಆದವರಿಗೆ ಬೇರೆ ಕೆಲಸ ಏನಿದೆ ಅಂತ ಕೊಟ್ಟಿರಬೇಕು.

ಇರಲಿ. ಇಲ್ಲಿ ನಾವು ಏನು ಮಾಡುತ್ತೇವೆ?

ಒಳ್ಳೆಯ ಕೋಚ್ ಯಾರು, ಕೆಟ್ಟವನು ಯಾರು ಅಂತ ಮುಖ ನೋಡಿ ಹೇಳುವ ಶಕ್ತಿ ನನಗಿಲ್ಲ. ನಿಮಗೂ ಇಲ್ಲ. ಉದಾಹರಣೆಗೆ, ಬಡ ಮನೆಯ ಹುಡುಗ ಚೆನ್ನಾಗಿ ಓಡುತ್ತಾನೆ, ಕಾಲಲ್ಲಿ ಶೂ ಇಲ್ಲ. ಒಳ್ಳೆಯ ಕೋಚ್ ತಮ್ಮ ಸಂಬಳದಲ್ಲಿ ಶೂ ಕೊಡಿಸುತ್ತಾರೆ. ನಮ್ಮ ಸರ್ ಎಷ್ಟು ಜನಕ್ಕೆ ಕೊಡಿಸಿದ್ದಾರೋ, ಲೆಕ್ಕ ಇಟ್ಟಿಲ್ಲ. ಮಗುವನ್ನು ಬಲೆಗೆ ಬೀಳಿಸಬೇಕು ಅನ್ನುವವನೂ ಮೊದಲು ಶೂ ಕೊಡಿಸುತ್ತಾನೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಜೊತೆ ಶೂ. ವ್ಯತ್ಯಾಸ ಏನಪ್ಪಾ ಅಂದರೆ, ಎರಡನೆಯವನು "ಇದು ನಿನಗೆ ಮಾತ್ರ, ಯಾರಿಗೂ ಹೇಳ್ಬೇಡ" ಅನ್ನುತ್ತಾನೆ. ಅದಕ್ಕೇ ಈ ಸಲದಿಂದ ಮಗುವಿಗೆ ಏನೇ ಕೊಡುವುದಿದ್ದರೂ ಕಮಿಟಿ ಮೂಲಕ, ಪುಸ್ತಕದಲ್ಲಿ ಬರೆದು, ಅಪ್ಪ ಅಮ್ಮನಿಗೆ ಹೇಳಿ ಕೊಡುವುದು. ಕೊಡುವ ಕೈ ನಿಲ್ಲುವುದು ಬೇಡ, ಗುಟ್ಟು ಬೇಡ.

ವಾಟ್ಸಾಪ್ ಕೂಡ ಹಾಗೇ. ಪ್ರಾಕ್ಟೀಸ್ ಟೈಮು, ಮ್ಯಾಚಿನ ವಿಷಯ ಎಲ್ಲ ಗ್ರೂಪಿನಲ್ಲಿ, ಅದರಲ್ಲಿ ಪೋಷಕರೂ ಇರುತ್ತಾರೆ. ಮಗುವಿಗೆ ಕೋಚ್ ಬೇರೆಯಾಗಿ ಮೆಸೇಜ್ ಹಾಕುವಂತಿಲ್ಲ, "ಗುಡ್ ನೈಟ್ ಚಾಂಪಿಯನ್" ಕೂಡ ಇಲ್ಲ.

ಇನ್ನು ಸ್ಕೂಟರ್ ಡ್ರಾಪು. ಇಲ್ಲಿ ಬೈಗುಳ ಪೋಷಕರಿಗೆ. ಆರೂವರೆಗೆ ಪ್ರಾಕ್ಟೀಸ್ ಮುಗಿದರೆ ಏಳೂ ಕಾಲಿಗೆ ಬರುತ್ತೀರಿ. ಒಂದು ದಿನ ಫೋನ್ ಮಾಡಿ, "ಸರ್, ನೀವೇ ಮನೆಗೆ ಬಿಟ್ಬಿಡಿ" ಅನ್ನುತ್ತೀರಿ. ಎರಡನೇ ವಾರಕ್ಕೆ ಅದೇ ಅಭ್ಯಾಸ. ಇನ್ನು ಮುಂದೆ ಕೊನೆಯ ಮಗು ಹೋಗುವವರೆಗೆ ಇಬ್ಬರು ದೊಡ್ಡವರು ಗೇಟಿನ ಹತ್ತಿರ, ಲೈಟಿನ ಕೆಳಗೆ ಕೂತಿರುತ್ತಾರೆ. ಆ ಇಬ್ಬರಲ್ಲಿ ಒಬ್ಬರು ಸರದಿಯ ಮೇಲೆ ನೀವೇ. ಆಗ ತಡ ಎಷ್ಟಾಗುತ್ತದೆ ಅಂತ ನಿಮಗೂ ಗೊತ್ತಾಗುತ್ತದೆ.

ಹೊರಗಡೆ ಮ್ಯಾಚಿಗೆ ಹೋದರೆ ಹುಡುಗಿಯರ ತಂಡದ ಜೊತೆ ಒಬ್ಬ ಮಹಿಳೆ ಹೋಗಲೇಬೇಕು. 2022ರಲ್ಲಿ ಸೈಕ್ಲಿಂಗ್ ಆಟಗಾರ್ತಿಯೊಬ್ಬರು ವಿದೇಶದ ಶಿಬಿರದಲ್ಲಿ ಕೋಚ್ ಮೇಲೆ ದೂರು ಕೊಟ್ಟ ಮೇಲೆ ಭಾರತೀಯ ಕ್ರೀಡಾ ಪ್ರಾಧಿಕಾರವೂ ಇಂಥ ತಂಡದ ಜೊತೆ ಮಹಿಳಾ ಕೋಚ್ ಇರಬೇಕು ಅಂತ ನಿಯಮ ಮಾಡಿದೆ. ನಮ್ಮಲ್ಲಿ ಮಹಿಳಾ ಕೋಚ್ ಇಲ್ಲ ಅನ್ನಬೇಡಿ. ತಾಯಂದಿರಿದ್ದೀರಿ. ದೊಡ್ಡವರ ರೂಮಿಗೆ ಮಕ್ಕಳು ಹೋಗುವಂತಿಲ್ಲ. ಡಿಎ ದುಡ್ಡು ಊಟದ ಹಾಲಿನಲ್ಲಿ ಎಲ್ಲರ ಎದುರಿಗೇ. ಇದನ್ನು ಬರೆಸಿದ್ದು ನಾನೇ, ಯಾಕೆ ಅಂತ ನಿಮಗೆ ಈಗ ಗೊತ್ತು.

ಹೊಡೆತದ ವಿಷಯ ಒಂದೇ ಮಾತಿನಲ್ಲಿ ಮುಗಿಸುತ್ತೇನೆ. "ನಾವೆಲ್ಲ ಏಟು ತಿಂದೇ ಕಲಿತಿದ್ದು" ಅನ್ನುವವರು ಪ್ರತಿ ಸಭೆಯಲ್ಲೂ ಇರುತ್ತಾರೆ. ಏಟು ತಿಂದು ಆಟ ಬಿಟ್ಟವರು ಸಭೆಗೆ ಬರುವುದಿಲ್ಲ, ಅದಕ್ಕೆ ಅವರ ಮಾತು ಕೇಳುವುದಿಲ್ಲ. ಬೆತ್ತ, ಏಪ್ರಿಲ್ ಬಿಸಿಲಿನಲ್ಲಿ ನೀರು ಕೊಡದೆ ಓಡಿಸುವುದು, ಎಲ್ಲರ ಮುಂದೆ ತೂಕ ನೋಡಿ ನಗುವುದು, ಇವೆಲ್ಲ ಇನ್ನಿಲ್ಲ.

ಈಗ ನಮ್ಮ ಕ್ಲಬ್ಬಿನಲ್ಲಿ ಯಾರೂ ಮಾತಾಡದ ಇನ್ನೊಂದು ವಿಷಯ. ಸಾಯಂಕಾಲ ಶಟಲ್ ಕೋರ್ಟಿಗೆ ಒಬ್ಬ ಹುಡುಗ ಬರುತ್ತಾನೆ. ಹುಡುಗ ಅನ್ನುವುದೇ ತಪ್ಪು, ಅವನಿಗೆ 28 ವರ್ಷ. ಬುದ್ಧಿ ಬೆಳವಣಿಗೆ ನಿಧಾನ, ಅದಕ್ಕೆ ಎಲ್ಲರೂ ಹುಡುಗ ಅನ್ನುತ್ತೇವೆ. ಎಲ್ಲರಿಗೂ ಅವನನ್ನು ಕಂಡರೆ ಇಷ್ಟ. ಒಂದು ತಿಂಗಳು ನಾನು ಸುಮ್ನೆ ಬೆಂಚಿನ ಮೇಲೆ ಕೂತು ನೋಡಿದೆ. ಅವನು ಆಡಿದ್ದು ಎಷ್ಟು, ಶಟಲ್ ಹೆಕ್ಕಿಕೊಟ್ಟಿದ್ದು ಎಷ್ಟು? ಗೋಪುರದ ಹತ್ತಿರದ ಗಾಡಿಯಿಂದ ಬಜ್ಜಿ ತರುವವನು ಅವನೇ. ಫೋನಿನಿಂದ ದುಡ್ಡು ಕಳಿಸುವವನೂ ಅವನೇ. ಅವನ ತಾಯಿ ನನಗೆ ಬ್ಯಾಂಕಿನ ಮೆಸೇಜುಗಳನ್ನು ತೋರಿಸಿದರು. ನಲವತ್ತು ರೂಪಾಯಿ, ಎಂಬತ್ತು, ನೂರಿಪ್ಪತ್ತು. "ಫ್ರೆಂಡ್ಸ್ ಅಮ್ಮಾ" ಅನ್ನುತ್ತಾನಂತೆ.

ಕೆಟ್ಟದ್ದು ಮಾಡಬೇಕು ಅಂತ ಯಾರೂ ಮಾಡಿಲ್ಲ. ಆದರೆ ಅವನಿಗೆ ಬೇಡ ಅನ್ನಲು ಬರುವುದಿಲ್ಲ ಅಂತ ಗೊತ್ತಿದ್ದೇ ಮಾಡಿದ್ದೀರಿ. ನಾಳೆ ಇದಕ್ಕಿಂತ ದೊಡ್ಡದನ್ನು ಯಾರೋ ಕೇಳಿದರೆ ಅದಕ್ಕೂ ಅವನು ಹೂಂ ಅನ್ನುತ್ತಾನೆ.

ಅವನಿಗೆ ಪೋಕ್ಸೊ ಕಾಯ್ದೆ ಅನ್ವಯಿಸುವುದಿಲ್ಲ. ದೆಹಲಿಯಲ್ಲಿ ಸೆರೆಬ್ರಲ್ ಪಾಲ್ಸಿ ಅನ್ನುವ ಮೆದುಳಿನ ತೊಂದರೆ ಇದ್ದ 38 ವರ್ಷದ ಮಹಿಳೆಯೊಬ್ಬರ ಪ್ರಕರಣದಲ್ಲಿ ಈ ಪ್ರಶ್ನೆ ಬಂದಿತ್ತು. ಅವರ ಮನಸ್ಸು ಮಗುವಿನದ್ದು, ಹಾಗಾಗಿ ಮಗು ಅಂತಲೇ ನೋಡಿ ಅಂತ ಕೇಳಿದರು. 2017ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ವಯಸ್ಸು ಅಂದರೆ ಹುಟ್ಟಿದ ದಿನದಿಂದ ಎಣಿಸಿದ ವಯಸ್ಸೇ ಅಂದಿತು. ಇಂಥವರ ಕಾವಲಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಬೇಕೆಂದೇ ನಾಲ್ಕು ಜನರ ಮುಂದೆ ಅವಮಾನ ಮಾಡಿದರೂ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು. ದೌರ್ಜನ್ಯ ನಡೆಯುತ್ತಿದೆ ಅಂತ ಗೊತ್ತಾದ ಯಾರು ಬೇಕಾದರೂ ತಹಸೀಲ್ದಾರರಂಥ ಎಕ್ಸಿಕ್ಯೂಟಿವ್ ಮ್ಯಾಜಿಸ್ಟ್ರೇಟರಿಗೆ ತಿಳಿಸಬಹುದು.

ದೊಡ್ಡವರ ವಿಷಯದಲ್ಲಿ ಎಚ್ಚರ ಇನ್ನೊಂದು ಕಡೆಗೂ ಬೇಕು. ಕಾಪಾಡುತ್ತೇವೆ ಅಂತ ಅವರನ್ನು ಕಟ್ಟಿಹಾಕಬಾರದು. ಬೆಳಿಗ್ಗೆ ಟ್ರ್ಯಾಕಿನಲ್ಲಿ ಓಡಲು ಬರುವ ಕಣ್ಣು ಕಾಣದ ಅಕ್ಕ ಒಬ್ಬರಿದ್ದಾರೆ. ಮೊದಲ ದಿನ ನಮ್ಮ ಹುಡುಗರು ಅವರ ಕೈ ಹಿಡಿದು ದರದರ ಎಳೆದುಕೊಂಡು ಹೋದರು, ಪಾಪ ಒಳ್ಳೆ ಮನಸ್ಸಿನಿಂದಲೇ. ಅವರು ನಿಂತು ಹೇಳಿದರು: "ನೀವು ನನ್ನ ಹಿಡೀಬೇಡಿ, ನಾನು ನಿಮ್ಮ ಮೊಣಕೈ ಹಿಡೀತೀನಿ." ಬಿಡುವುದು ಯಾವಾಗ ಅನ್ನುವುದು ಆಗ ಅವರ ಕೈಯಲ್ಲೇ ಇರುತ್ತದೆ. ಶಟಲ್ ಕೋರ್ಟಿನ ಅವನನ್ನೂ ಹಾಗೇ ಕೇಳಬೇಕು. ಆಡ್ತೀಯಾ, ಯಾರ ಜೊತೆ ಆಡ್ತೀಯಾ, ಬೇಡವಾ?

ಕೊನೆಗೆ, ಮಗು ಬಂದು ಹೇಳಿದರೆ ಏನು ಮಾಡಬೇಕು? ಕೇಳಿ. ಮಧ್ಯೆ ಬಾಯಿ ಹಾಕಬೇಡಿ. "ನಿಜಾನಾ? ಸರಿಯಾಗಿ ನೆನಪು ಮಾಡ್ಕೋ" ಅಂತ ಹತ್ತು ಸಲ ಕೆದಕಬೇಡಿ. "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ, ಆ ಮಾತು ಉಳಿಸಿಕೊಳ್ಳಲು ಆಗುವುದಿಲ್ಲ. ಮಗು ಬಳಸಿದ ಮಾತನ್ನೇ ಹಾಗೇ ಬರೆದಿಟ್ಟುಕೊಳ್ಳಿ. ಆಮೇಲೆ ಮಕ್ಕಳ ಸಹಾಯವಾಣಿ 1098ಕ್ಕೋ ತುರ್ತು ಸಹಾಯದ 112ಕ್ಕೋ ಫೋನ್ ಮಾಡಿ, ಇಲ್ಲವೇ ಸ್ಟೇಷನ್ನಿಗೆ ಹೋಗಿ.

ಕಮಿಟಿಯಲ್ಲಿ ಹಿರಿಯರು ಕೂತು ಬಗೆಹರಿಸೋಣ, ಕ್ಲಬ್ಬಿನ ಮರ್ಯಾದೆ ನೋಡಬೇಕು ಅಂತ ಒಂದು ಮಾತು ಬಂದೇ ಬರುತ್ತದೆ. ಕಾರ್ಯದರ್ಶಿಗಳೇ, ಇದು ನಿಮಗೆ. ಪೋಕ್ಸೊ 19ನೇ ಕಲಮಿನ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಎರಡೂ ಆಗಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ವಿಷಯ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಮಗುವನ್ನು ಸ್ಟೇಷನ್ನಿಗೆ ಎಳೆದಾಡುತ್ತಾರೆ ಅನ್ನುವ ಭಯ ಬೇಡ. ಹೇಳಿಕೆ ತೆಗೆದುಕೊಳ್ಳಲು ಪೊಲೀಸರೇ ಮನೆಗೋ ಮಗು ಹೇಳಿದ ಜಾಗಕ್ಕೋ ಬರಬೇಕು, ಯೂನಿಫಾರ್ಮ್ ಇಲ್ಲದೆ. ಮಗುವಿನ ಹೆಸರು ಪೇಪರಿನಲ್ಲಿ ಬರುವಂತಿಲ್ಲ.

ಮಾತು ಮುಗಿದ ಮೇಲೆ ಮೂರು ಪ್ರಶ್ನೆ ಬಂದವು. ಒಬ್ಬ ತಂದೆ ಕೇಳಿದರು, "ಯಾರೋ ಹಗೆ ಸಾಧಿಸೋಕೆ ಸುಳ್ಳು ದೂರು ಕೊಟ್ರೆ?" ಬೇಕೆಂದೇ ಸುಳ್ಳು ಹೇಳುವ ದೊಡ್ಡವರಿಗೆ ಅದೇ ಕಾಯ್ದೆಯ 22ನೇ ಕಲಮಿನಲ್ಲಿ ಶಿಕ್ಷೆ ಇದೆ, ಮಗುವಿಗೆ ಇಲ್ಲ. ಆದರೆ ಇದಕ್ಕೆ ಉತ್ತರ ಕೊಡಬೇಕಾದವರು ಕೋಚ್ ಸರ್ ಅನ್ನಿಸಿತು, ಅವರ ಕಡೆ ತಿರುಗಿದೆ. ಅವರು ಅಂದರು: "ಇಬ್ಬರು ಇರ್ಬೇಕು ಅಂತ ನಿಯಮ ಇದ್ರೆ ನನ್ನ ಕಡೆ ಹೇಳೋಕೂ ಒಬ್ಬರು ಇರ್ತಾರಲ್ಲ." ಒಂದು ವಾರದಲ್ಲಿ ಅವರು ಅಷ್ಟು ದೂರ ಬಂದಿದ್ದರು.

ಇನ್ನೊಬ್ಬ ಹುಡುಗ, ಹೊಸದಾಗಿ ಕೋಚಿಂಗ್ ಶುರು ಮಾಡಿದವನು, ಮುಟ್ಟದೆ ಹೇಗೆ ಹೇಳಿಕೊಡುವುದು ಅಂತ ಕೇಳಿದ. ನಾನು ಖೋ ಖೋ ನೆನಪು ಮಾಡಿದೆ. ಹಿಂದಿನಿಂದ ಬಂದು ಬೆನ್ನು ಮುಟ್ಟಬೇಕು, ಮುಟ್ಟುವಾಗಲೇ ಎಲ್ಲರಿಗೂ ಕೇಳುವ ಹಾಗೆ "ಖೋ" ಅನ್ನಬೇಕು. ಬಾಯಿ ಬಿಡದೆ ಮುಟ್ಟಿದರೆ ಫೌಲ್. ಭುಜ ತಿದ್ದಬೇಕಾದರೆ "ಭುಜ ಮುಟ್ತೀನಿ" ಅಂತ ಹೇಳು, ಎಲ್ಲರ ಎದುರಿಗೇ ಮುಟ್ಟು, ಮಗು ಬೇಡ ಅಂದರೆ ನಿನ್ನ ಮೈಮೇಲೇ ತೋರಿಸು ಅಂದೆ.

ಮೂರನೆಯದು ಒಬ್ಬ ಅಜ್ಜಿಯದು. ಮೊಮ್ಮಗಳನ್ನು ಕರೆದುಕೊಂಡು ಬರುತ್ತಾರೆ. "ಅದೆಲ್ಲ ಸರಿ ಕಣಮ್ಮ, ಹೆಣ್ಮಕ್ಳ ಟಾಯ್ಲೆಟ್ಟಿಗೆ ಚಿಲಕಾನೇ ಇಲ್ವಲ್ಲ. ಒಳಗೆ ಹೋದೋಳು ಹಾಡು ಹೇಳ್ತಾ ಕೂರ್ಬೇಕು." ಸಭೆ ನಕ್ಕಿತು. ಕಾರ್ಯದರ್ಶಿಗಳು ಎದ್ದು ನಿಂತು, ಬುಧವಾರದೊಳಗೆ ಹಾಕಿಸುತ್ತೇನೆ ಅಂತ ಮಾತು ಕೊಟ್ಟರು.

ಗುರುವಾರ ನಾನೇ ಹೋಗಿ ನೋಡಿದೆ. ಹೊಸ ಸ್ಟೀಲಿನ ಚಿಲಕ, ಪಳಪಳ ಹೊಳೆಯುತ್ತಿತ್ತು. ಬಾಗಿಲಿನ ಹೊರಗಡೆ ಹಾಕಿದ್ದರು. ಬಡಗಿಗೆ ಮತ್ತೆ ಫೋನ್ ಮಾಡಿದ್ದೇವೆ.